ಮಳೆ ಹಿಡಿದ ದಿನ ಮನೆಯ ಯಾವ ಗಾಡಿ ತೆಗೆಯಬೇಕು?

ನಮ್ಮ ಬೆಳಗಾವಿ ಕಡೆ ಈಗ ಒಂದೇ ಗಾಡಿ ಇರುವ ಮನೆ ಕಡಿಮೆ. ಒಂದು ಸ್ಪ್ಲೆಂಡರ್, ಒಂದು ಸ್ಕೂಟಿ, ಒಂದು ಸಣ್ಣ ಕಾರು ಇದ್ದೇ ಇರುತ್ತವೆ. ಹೊಲ ಇದ್ದವರ ಅಂಗಳದಲ್ಲಿ ಬೊಲೆರೊ, ಟ್ರ್ಯಾಕ್ಟರ್ ಕೂಡ ನಿಂತಿರುತ್ತವೆ. ಬಿಸಿಲಿದ್ದಾಗ ಯಾವುದರ ಕೀಲಿ ಕೈಗೆ ಸಿಕ್ಕರೂ ನಡೆಯುತ್ತೆ. ಮಳೆ ಹಿಡಿದ ದಿನ ಹಾಗಲ್ಲ. ಆಗ ಮನೆಯ ಹಿರಿಯರು ಹೇಳುವ ಮಾತು ಒಂದೇ: "ಮಳಿ ಭಾಳ ಐತಿ, ದೊಡ್ಡ ಗಾಡಿ ತಗೊಂಡು ಹೋಗು." ಕಾಳಜಿಯಿಂದ ಬರುವ ಮಾತು ಅದು. ಆದರೆ ಗಾಡಿ ದೊಡ್ಡದಾದ ಮಾತ್ರಕ್ಕೆ ಸೇಫ್ ಆಗೋದಿಲ್ಲ. ಮೊದಲು ದಾರಿ ನೋಡಿ, ಆಮೇಲೆ ಟೈರ್ ನೋಡಿ, ಆಮೇಲೆ ಓಡಿಸೋದು ಯಾರು, ಕೂರೋದು ಯಾರು ನೋಡಿ. ಗಾಡಿ ಎಷ್ಟು ದೊಡ್ಡದು ಅನ್ನೋದು ಕೊನೆಗೆ ಬರಲಿ.

ಮೊದಲು ದಾರಿ

ಮಳೆ ಎಲ್ಲ ಕಡೆ ಒಂದೇ ಥರ ಕಾಡೋದಿಲ್ಲ. ಖಾನಾಪುರ, ಜಾಂಬೋಟಿ, ಕಣಕುಂಬಿ ಕಡೆ ಆರಿದ್ರಾ ಮಳೆ ಹಿಡಿಯಿತು ಅಂದ್ರೆ ತಿಂಗಳುಗಟ್ಟಲೆ ಬಿಡುವಿಲ್ಲ. ಮಲಪ್ರಭೆ ಹುಟ್ಟೋದೇ ಕಣಕುಂಬಿಯಲ್ಲಿ ಅಲ್ವಾ. ಅಲ್ಲಿನ ತೊಂದರೆ ಅಂದ್ರೆ ಡಾಂಬರು ಕಿತ್ತು ಬಿದ್ದ ತಗ್ಗು, ಮಂಜು, ರಸ್ತೆಗೆ ಅಡ್ಡ ಬೀಳುವ ಮರ, ಚೋರ್ಲಾ ಘಾಟಿನ ತಿರುವು. ಬೈಲಹೊಂಗಲ, ಸವದತ್ತಿ ದಾಟಿ ಪೂರ್ವಕ್ಕೆ ಹೋದ ಹಾಗೆ ಎರೆ ಹೊಲಗಳು ಶುರುವಾಗುತ್ತವೆ, ಅಲ್ಲಿ ಡಾಂಬರು ಬಿಟ್ಟು ಕೆಳಗಿಳಿದರೆ ಅಂಟು ರಾಡಿ. ಬಾಗಲಕೋಟೆ, ವಿಜಯಪುರ ಕಡೆ ವರ್ಷಕ್ಕೆ ಬೀಳುವ ಮಳೆ ಕಡಿಮೆ, ಆದರೆ ಹಸ್ತ, ಚಿತ್ತಿ ಮಳೆ ಹೊತ್ತಿಗೆ ಸಂಜೆ ಗುಡುಗು ಸಿಡಿಲಿನ ಜೊತೆ ಒಮ್ಮೆಲೇ ಸುರಿದುಬಿಡುತ್ತೆ, ಬೆಳಗ್ಗೆ ಒಣಗಿದ್ದ ಹಳ್ಳ ಸಂಜೆ ರಸ್ತೆ ಮೇಲೆ ಹರಿಯುತ್ತೆ. ತಾಳಿಕೋಟೆ ಕಡೆಯವರಿಗೆ ಡೋಣಿ ನದಿ ಎಷ್ಟು ಬೇಗ ಸೇತುವೆ ಮೇಲೆ ಬರುತ್ತೆ ಅಂತ ಹೇಳಿಕೊಡಬೇಕಾಗಿಲ್ಲ.

ಇನ್ನು ಚಿಕ್ಕೋಡಿ, ಅಥಣಿ, ರಾಯಬಾಗ, ಗೋಕಾಕ, ಮುಧೋಳ, ಜಮಖಂಡಿ. ಇಲ್ಲಿ ಸಮಸ್ಯೆ ಮಳೆಗಿಂತ ಹೊಳೆ. ಇಲ್ಲಿ ಬಿಸಿಲಿದ್ದರೂ ಹೊಳೆ ಏರಬಹುದು. ಕೊಯ್ನಾ ಡ್ಯಾಮಿಂದ ನೀರು ಬಿಟ್ಟರೆ ಕೃಷ್ಣೆ ಏರುತ್ತೆ, ಹಿಡಕಲ್‌ನಿಂದ ಬಿಟ್ಟರೆ ಘಟಪ್ರಭೆ, ನವಿಲುತೀರ್ಥದಿಂದ ಬಿಟ್ಟರೆ ಮಲಪ್ರಭೆ. ಹಾಗಾಗಿ ಈ ಕಡೆ ಹೊರಡುವಾಗ ನಿಮ್ಮೂರ ಆಕಾಶ ನೋಡಿ ತೀರ್ಮಾನ ಮಾಡೋದು ಸಾಲದು, ಡ್ಯಾಮಿನ ಸುದ್ದಿ ನೋಡಬೇಕು. 2019ರ ಆಗಸ್ಟ್‌ನಲ್ಲಿ ನಿಪ್ಪಾಣಿ ಹತ್ತಿರ ಯಮಗರ್ಣಿಯಲ್ಲಿ ವೇದಗಂಗಾ ನೀರು ಪುಣೆ-ಬೆಂಗಳೂರು ಹೆದ್ದಾರಿ ಮೇಲೇ ಬಂದಿತ್ತು, 2021ರ ಜುಲೈನಲ್ಲಿ ಮತ್ತೆ ಬಂತು. ನಾಲ್ಕು ಸಾಲಿನ ಹೆದ್ದಾರಿಯೇ ಬಂದ್ ಆಗುತ್ತೆ ಅಂದಮೇಲೆ ಊರ ಬಾಂದಾರದ, ಅಂದ್ರೆ ಹೊಳೆಗೆ ಅಡ್ಡ ಕಟ್ಟಿದ ತಗ್ಗಿನ ಒಡ್ಡು-ಸೇತುವೆಯ ಮಾತು ಯಾಕೆ? ಗೋಕಾಕದ ಲೋಳಸೂರ ಸೇತುವೆ, ಬಾದಾಮಿ ತಾಲೂಕಿನ ಗೋವನಕೊಪ್ಪದ ಹಳೆ ಸೇತುವೆ ಇವೆಲ್ಲ ಪ್ರವಾಹ ಬಂದಾಗ ಮೊದಲು ಸುದ್ದಿಗೆ ಬರುವ ಜಾಗಗಳು.

ಆದ್ದರಿಂದ ಕೀಲಿಗೆ ಕೈ ಹಾಕುವ ಮುಂಚೆ ಹೋಗುವ ಊರಿಗೆ ಒಂದು ಫೋನ್ ಮಾಡಿ. ಅಲ್ಲಿರುವ ನೆಂಟರಿಗೆ "ಮಳೆ ಹೆಂಗೈತಿ" ಅಂತ ಕೇಳಬೇಡಿ. "ಜೋರೈತಿ" ಅಂತಾರೆ, ಅದರಿಂದ ಏನೂ ಗೊತ್ತಾಗೋದಿಲ್ಲ. "ಮುಂಜಾನೆ ವಸ್ತಿ ಬಸ್ ಹೋತೇನು? ಹಾಲಿನ ಗಾಡಿ ಬಂತೇನು?" ಅಂತ ಕೇಳಿ. ರಾತ್ರಿ ಊರಲ್ಲಿ ನಿಂತ ಬಸ್ ಬೆಳಗ್ಗೆ ಹೊರಟು ಮುಂದಿನ ಊರು ಮುಟ್ಟಿದೆ ಅಂದ್ರೆ ಆ ಹೊತ್ತಿಗೆ ದಾರಿ ತೆರೆದಿದೆ ಅಂತ ಅರ್ಥ. ಹಾಲಿನವರು ದಿನಾ ಅದೇ ದಾರೀಲಿ ಓಡಾಡುವವರು, ಯಾವ ಹಳ್ಳ ಎಷ್ಟು ಬಂದಿದೆ ಅಂತ ಅವರಿಗೆ ಗೊತ್ತಿರುತ್ತೆ. ಫೋನ್‌ನ ನಕ್ಷೆ ಹತ್ತಿರದ ದಾರಿ ಅಂತ ಬಾಂದಾರದ ಮೇಲಿಂದ ಕಳಿಸಿಬಿಡಬಹುದು. ಮಳೆಗಾಲದಲ್ಲಿ ಸುತ್ತು ಆದರೂ ಎತ್ತರದ ಸೇತುವೆ ಇರುವ ದಾರಿಯೇ ಸರಿ.

ನೀರಿನ ಲೆಕ್ಕ

ರಸ್ತೆ ಮೇಲೆ ನೀರು ಹರಿಯುತ್ತಾ ಇದ್ದರೆ ಯಾವ ಗಾಡಿ ಅನ್ನುವ ಪ್ರಶ್ನೆಯೇ ಬೇಡ. ಯಾವುದೂ ಬೇಡ. ಯಾಕೆ ಅಂತ ಲೆಕ್ಕ ಹಾಕಿ ನೋಡಿ. ಒಂದು ಆಲ್ಟೊ ಕಾರಿನ ತೂಕ ಸುಮಾರು 750 ಕೆ.ಜಿ. ಅದರ ತಳ ನೆಲದಿಂದ 16 ಸೆಂ.ಮೀ. ಎತ್ತರದಲ್ಲಿದೆ. ನೀರು ತಳ ಮುಟ್ಟಿದ ಮೇಲೆ ಏರುವ ಒಂದೊಂದು ಇಂಚು ಕಾರಿನ ಭಾರದಲ್ಲಿ ಸುಮಾರು ನೂರು ಕೆ.ಜಿ. ಹೊತ್ತುಕೊಂಡುಬಿಡುತ್ತೆ. ಅಂದ್ರೆ ನೀರು ಒಂದಡಿ ದಾಟುವ ಹೊತ್ತಿಗೆ ಟೈರಿನ ಮೇಲೆ ಭಾರವೇ ಉಳಿದಿರೋದಿಲ್ಲ. ಭಾರ ಇಲ್ಲದ ಟೈರ್ ನೆಲ ಹಿಡಿಯೋದಿಲ್ಲ. ಸ್ಟೇರಿಂಗ್ ತಿರುಗುತ್ತೆ, ಕಾರು ತಿರುಗೋದಿಲ್ಲ. ಹರಿವು ಯಾವ ಕಡೆ ಇದೆಯೋ ಆ ಕಡೆ ಹೋಗುತ್ತೆ. ಎರಡು ಅಡಿ ಹರಿಯುವ ನೀರು ಬೊಲೆರೊ, ಸ್ಕಾರ್ಪಿಯೊದಂಥ ಗಾಡಿಗಳನ್ನೂ ತಳ್ಳಿಕೊಂಡು ಹೋಗಬಲ್ಲದು. ಮನುಷ್ಯನ ಕಾಲು ಕಿತ್ತುಹಾಕೋಕೆ ಅರ್ಧ ಅಡಿ ರಭಸದ ನೀರು ಸಾಕು. ಮೇಲಾಗಿ ಕೆಂಪು ನೀರಿನ ಕೆಳಗೆ ರಸ್ತೆ ಇದೆಯೋ ಕೊಚ್ಚಿ ಹೋಗಿದೆಯೋ ಕಾಣೋದೇ ಇಲ್ಲ.

ಟ್ರ್ಯಾಕ್ಟರ್ ಇದೆಯಲ್ಲ ಅಂತ ಕೆಲವರು. ದೊಡ್ಡ ಚಕ್ರ, ಭಾರದ ಎಂಜಿನ್, ಹೌದು. ಆದರೆ ಹಿಂದೆ ಟ್ರೇಲರ್ ಕಟ್ಟಿ ಅದರಲ್ಲಿ ಜನರನ್ನು ಕೂರಿಸಿ ಹಳ್ಳಕ್ಕೆ ಇಳಿಸಿದರೆ ಅಗಲವಾದ ಟ್ರೇಲರ್‌ಗೆ ನೀರು ಅಡ್ಡ ಹೊಡೆಯುತ್ತೆ, ಅದು ಮಗುಚಿದರೆ ಟ್ರ್ಯಾಕ್ಟರನ್ನೂ ಎಳೆಯುತ್ತೆ. ದಯವಿಟ್ಟು ಇದನ್ನು ಮಾಡಬೇಡಿ. ಮದುವೆ ಇರಲಿ, ಮಣ್ಣು ಕೊಡುವ ಕಾರ್ಯವೇ ಇರಲಿ, ಹಳ್ಳ ಇಳಿಯುವ ತನಕ ಕಾಯಬೇಕು. ಗುಡುಗಿನ ಮಳೆಯ ಹಳ್ಳ ಬೇಗ ಏರಿದ ಹಾಗೆ ಬೇಗ ಇಳಿಯುತ್ತೆ ಕೂಡ, ಎಷ್ಟೋ ಸಲ ಎರಡು ಮೂರು ಗಂಟೆ ಕಾದರೆ ದಾರಿ ಸಿಗುತ್ತೆ. ಡ್ಯಾಮಿನ ನೀರು ಬಂದ ಹೊಳೆ ಹಾಗಲ್ಲ, ಅದಕ್ಕೆ ದಿನಗಳೇ ಬೇಕಾಗಬಹುದು.

ನಿಂತ ನೀರಿನ ಮಾತು ಬೇರೆ. ಊರೊಳಗೆ, ರೈಲ್ವೆ ಕೆಳಸೇತುವೆಯಲ್ಲಿ, ತಗ್ಗಿನ ಓಣಿಯಲ್ಲಿ ನೀರು ನಿಂತಿರುತ್ತೆ. ಇದಕ್ಕೆ ಸುಲಭದ ಅಳತೆ ಚಕ್ರದ ನಡು. ನೀರು ಚಕ್ರದ ನಡುವಿಗಿಂತ ಕೆಳಗಿದ್ದರೆ ಮಾತ್ರ ಹೋಗಬಹುದು. ಸ್ಕೂಟಿಯ ಹತ್ತು ಇಂಚಿನ ಚಕ್ರದಲ್ಲಿ ಅದು ನೆಲದಿಂದ ಸುಮಾರು 22 ಸೆಂ.ಮೀ., ಆಲ್ಟೊದಲ್ಲಿ ಸುಮಾರು 27, ಸ್ಪ್ಲೆಂಡರ್‌ನಲ್ಲಿ 30ರ ಹತ್ತಿರ. ಎದುರಿಗೆ ಹೋಗುವ ಗಾಡಿ ಎಷ್ಟು ಮುಳುಗುತ್ತೆ ಅಂತ ನಿಂತು ನೋಡಿ. ಹೋಗಲೇಬೇಕು ಅಂದ್ರೆ ಮೊದಲ ಗೇರ್, ಒಂದೇ ವೇಗ, ನಡುವೆ ಗೇರ್ ಬದಲಿಸಬೇಡಿ, ಎಕ್ಸಲರೇಟರ್ ಬಿಡಬೇಡಿ. ಎದುರಿನಿಂದ ಬಸ್ಸು ಬರುತ್ತಿದ್ದರೆ ಅದು ದಾಟುವ ತನಕ ನಿಲ್ಲಿ, ಅದರ ಅಲೆ ನಿಮ್ಮ ಬಾನೆಟ್ ಮೇಲೆ ಬರುತ್ತೆ.

ನೀರಲ್ಲಿ ಎಂಜಿನ್ ಬಂದ್ ಆದರೆ ಮತ್ತೆ ಸ್ಟಾರ್ಟ್ ಮಾಡಬೇಡಿ. ಇದೊಂದನ್ನು ಮನೆಯ ಎಲ್ಲರಿಗೂ ಹೇಳಿಡಿ. ಗಾಳಿ ಹೋಗುವ ದಾರಿಯಲ್ಲಿ ನೀರು ಸಿಲಿಂಡರ್‌ಗೆ ಹೋಗಿರುತ್ತೆ, ಗಾಳಿಯ ಥರ ನೀರು ಕುಗ್ಗೋದಿಲ್ಲ, ಸ್ಟಾರ್ಟ್ ಮಾಡಿದರೆ ಒಳಗಿನ ಕನೆಕ್ಟಿಂಗ್ ರಾಡ್ ಬಾಗುತ್ತೆ. ಹಳೆ ಡೀಸೆಲ್ ಗಾಡಿಯವರಿಗೆ "ನಮ್ಮದು ಪ್ಲಗ್ ಇಲ್ಲದ ಗಾಡಿ, ನೀರಲ್ಲಿ ಬಂದ್ ಆಗೋದಿಲ್ಲ" ಅನ್ನುವ ಧೈರ್ಯ ಜಾಸ್ತಿ. ಆದರೆ ಡೀಸೆಲ್ ಎಂಜಿನ್‌ನಲ್ಲಿ ಒತ್ತಡ ಜಾಸ್ತಿ, ನೀರು ಒಳಗೆ ಹೋದರೆ ಹಾನಿಯೂ ಜಾಸ್ತಿ. ಸಾಮಾನ್ಯ ವಿಮೆಯಲ್ಲಿ ಹೀಗೆ ಕೆಟ್ಟ ಎಂಜಿನ್‌ಗೆ ದುಡ್ಡು ಸಿಗೋದು ಕಷ್ಟ, ಎಂಜಿನ್ ಪ್ರೊಟೆಕ್ಟ್ ಅಂತ ಬೇರೆ ಸೇರಿಸಿಕೊಂಡಿರಬೇಕು. ಹೊಳೆ ದಂಡೆಯ ಊರಿನವರು ವಿಮೆ ತುಂಬುವಾಗ ಇದನ್ನು ಕೇಳಿ. ನೀರು ಏರುತ್ತಿದ್ದರೆ ಗಾಡಿಯ ಆಸೆ ಬಿಡಿ. ಮೊದಲು ಬೆಲ್ಟ್ ಬಿಚ್ಚಿ, ಕರೆಂಟ್ ಇರುವಾಗಲೇ ಕಿಟಕಿ ಇಳಿಸಿ, ಹೊರಗೆ ಬನ್ನಿ, 112ಕ್ಕೆ ಫೋನ್ ಮಾಡಿ.

ಆಮೇಲೆ ಟೈರ್

ಮಳೆಯಲ್ಲಿ ಗಾಡಿಗೂ ರಸ್ತೆಗೂ ಇರುವ ಸಂಬಂಧ ಟೈರ್ ಒಂದೇ. ಅಂಗಳದಲ್ಲಿರುವ ಗಾಡಿಗಳಲ್ಲಿ ಯಾವುದರ ಟೈರ್ ಚೆನ್ನಾಗಿದೆಯೋ ಅದೇ ಡಾಂಬರು ರಸ್ತೆಗೆ ಆ ದಿನದ ಗಾಡಿ. ಬೋಳು ಟೈರಿನ ದೊಡ್ಡ ಗಾಡಿಗಿಂತ ಹೊಸ ಟೈರಿನ ಆಲ್ಟೊ ನೂರು ಪಾಲು ಮೇಲು.

ನೋಡೋದು ಹೇಗೆ? ಕಾರಿನ ಮುಂದಿನ ಚಕ್ರದ ಹತ್ತಿರ ಕೂತುಕೊಳ್ಳಿ. ಸ್ಟೇರಿಂಗ್ ಒಂದು ಕಡೆ ಪೂರ್ತಿ ತಿರುಗಿಸಿದರೆ ಟೈರಿನ ಮುಖ ಹೊರಗೆ ಬರುತ್ತೆ. ಟೈರಿನ ಅಂಚಿನಲ್ಲಿ ಒಂದು ಸಣ್ಣ ತ್ರಿಕೋನ ಅಥವಾ ಟಿಡಬ್ಲ್ಯೂಐ ಅನ್ನುವ ಅಕ್ಷರ ಅಚ್ಚಾಗಿರುತ್ತೆ. ಅದರ ನೇರಕ್ಕೆ ಗೀರಿನ ಒಳಗೆ ಬೆರಳಾಡಿಸಿ, ಅಡ್ಡಕ್ಕೆ ಒಂದು ಸಣ್ಣ ಉಬ್ಬು ಸಿಗುತ್ತೆ. ಟೈರ್ ಸವೆದು ಆ ಉಬ್ಬಿಗೆ ಸಮ ಆಗಿದ್ದರೆ ಗೀರು ಉಳಿದಿರೋದು 1.6 ಮಿ.ಮೀ. ಕಾನೂನಿನ ಪ್ರಕಾರ ಕಾರಿನ ಟೈರಿಗೆ ಅದೇ ಕೊನೆ. ಆದರೆ ಮಳೆಗೆ ಅಲ್ಲಿವರೆಗೂ ಕಾಯಬಾರದು, 3 ಮಿ.ಮೀ. ಆದಾಗಲೇ ಬದಲಿಸೋದು ಒಳ್ಳೆಯದು. ಗೀರು ಇರೋದು ನೀರನ್ನು ಪಕ್ಕಕ್ಕೆ ತಳ್ಳೋಕೆ. ಗೀರು ಇಲ್ಲದಿದ್ದರೆ ವೇಗ ಹೆಚ್ಚಿದಾಗ ಟೈರು ನೀರಿನ ಪದರದ ಮೇಲೆ ಏರಿಬಿಡುತ್ತೆ, ಬ್ರೇಕೂ ಇಲ್ಲ, ಸ್ಟೇರಿಂಗೂ ಇಲ್ಲ.

ಗೀರು ಮಾತ್ರ ನೋಡಿದರೆ ಸಾಲದು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 2318 ಅಂತ ಇದ್ದರೆ ಅದು 2018ರ 23ನೇ ವಾರದಲ್ಲಿ ತಯಾರಾದ ಟೈರು. ಇದನ್ನು ನೋಡುವವರು ಬಹಳ ಕಡಿಮೆ. ಶೆಡ್ಡಿನಲ್ಲಿ ನಿಂತೇ ಇರುವ ಬೊಲೆರೊ, ಹಬ್ಬ ಹರಿದಿನಕ್ಕೆ ಮಾತ್ರ ತೆಗೆಯುವ ಕಾರು, ಇವುಗಳ ಗೀರು ಹೊಸದರ ಹಾಗೇ ಇರುತ್ತೆ. ಆದರೆ ರಬ್ಬರು ಬಿಸಿಲಿಗೆ ಗಟ್ಟಿಯಾಗಿರುತ್ತೆ. ಉಗುರು ಒತ್ತಿದರೆ ಒಳಗೆ ಹೋಗೋದಿಲ್ಲ, ಪಕ್ಕದಲ್ಲಿ ಸಣ್ಣ ಬಿರುಕು ಕಾಣುತ್ತವೆ. ಅಂಥ ಟೈರು ಒದ್ದೆ ರಸ್ತೆ ಹಿಡಿಯೋದಿಲ್ಲ. ನಮ್ಮ ಕಡೆ "ಅದು ಭಾಳ ಓಡೇ ಇಲ್ಲ, ಹೊಸಾ ಗಾಡಿ ಇದ್ದಂಗೈತಿ" ಅಂತ ಮಳೆಯಲ್ಲಿ ಅದನ್ನೇ ತೆಗೆಯುವವರು ಇದ್ದಾರೆ. ದಿನಾ ಓಡಾಡುವ ಗಾಡಿಯೇ ಎಷ್ಟೋ ವಾಸಿ, ಅದರ ಬ್ರೇಕು, ವೈಪರು, ಲೈಟು ಹೇಗಿವೆ ಅಂತ ನಿಮಗೆ ಗೊತ್ತಿರುತ್ತೆ. ಐದಾರು ವರ್ಷ ದಾಟಿದ ಟೈರನ್ನು ಗೀರು ಇದ್ದರೂ ಮಳೆಗಾಲಕ್ಕೆ ನಂಬಬೇಡಿ.

ವೈಪರ್ ರಬ್ಬರು ಬಿಸಿಲಿಗೆ ಹೋಗಿರುತ್ತೆ. ಜೂನ್‌ಗೆ ಮುಂಚೆ ಬದಲಿಸಿ. ಅಷ್ಟೇ.

ಒಂದೊಂದು ಗಾಡಿಯ ಮಾತು

ಸ್ಕೂಟಿ. ಊರೊಳಗೆ ಜಿಟಿಜಿಟಿ ಮಳೆಯಲ್ಲಿ ಸಂತೆಗೆ, ಶಾಲೆಗೆ ಹೋಗಿ ಬರೋಕೆ ಅಡ್ಡಿಯಿಲ್ಲ. ಆದರೆ ಚಕ್ರ ಸಣ್ಣದು. ಬೈಕಿನ 18 ಇಂಚಿನ ಚಕ್ರ ದಾಟಿಹೋಗುವ ತಗ್ಗಿನಲ್ಲಿ ಸ್ಕೂಟಿಯ ಚಕ್ರ ಒಳಗೆ ಕೂತುಬಿಡುತ್ತೆ. ನೀರು ತುಂಬಿದ ತಗ್ಗಿನ ಆಳ ಕಾಣೋದಿಲ್ಲ, ಅಲ್ಲೇ ಬೀಳೋದು. ಇನ್ನೊಂದು, ಸ್ಕೂಟಿ ಓಡೋದು ಬೆಲ್ಟಿನ ಮೇಲೆ. ಬೆಲ್ಟಿನ ಪೆಟ್ಟಿಗೆಗೆ ನೀರು ಹೋದರೆ ಎಕ್ಸಲರೇಟರ್ ತಿರುಗಿಸಿದರೂ ಗಾಡಿ ಮುಂದೆ ಹೋಗದೆ ಬೆಲ್ಟು ಜಾರುತ್ತೆ. ಹಾಗಾಗಿ ನೀರು ನಿಲ್ಲುವ ಓಣಿ ದಾಟುವಂತಿದ್ದರೆ ಸ್ಕೂಟಿ ಬಿಟ್ಟು ಬೈಕ್ ತೆಗೆಯಿರಿ. ಟಿಳಕವಾಡಿ ರೈಲ್ವೆ ಗೇಟಿನಂಥ ಜಾಗದಲ್ಲಿ ಒದ್ದೆ ಹಳಿಯನ್ನು ನೇರವಾಗಿ ದಾಟಿ, ಓರೆಯಾಗಿ ದಾಟಿದರೆ ಚಕ್ರ ಜಾರುತ್ತೆ. ಜೀಬ್ರಾ ಪಟ್ಟಿಯ ಬಣ್ಣ, ಗಟಾರದ ಕಬ್ಬಿಣದ ಮುಚ್ಚಳ, ಇವೂ ಹಾಗೇ.

ಬ್ಯಾಟರಿ ಸ್ಕೂಟರ್. ಇದರ ಬ್ಯಾಟರಿ ಪೆಟ್ಟಿಗೆ ನೀರು ಹೋಗದ ಹಾಗೆ ಮುಚ್ಚಿರುತ್ತೆ, ಮಳೆಗೆ ಹೆದರಬೇಕಿಲ್ಲ. ಚಿಂತೆ ಇರೋದು ಕರೆಂಟಿನದು. ಗಾಳಿ ಮಳೆಗೆ ಕಂಬ ಬಿದ್ದರೆ ಖಾನಾಪುರದ ಹಳ್ಳಿಗಳಲ್ಲಿ ಕರೆಂಟ್ ಯಾವಾಗ ಬರುತ್ತೆ ಅಂತ ಹೇಳೋಕೆ ಆಗೋದಿಲ್ಲ. ಮಳೆಯ ದಿನಗಳಲ್ಲಿ ಕರೆಂಟ್ ಇದ್ದಾಗಲೆಲ್ಲ ಚಾರ್ಜ್‌ಗೆ ಹಾಕಿಡಿ, ಚಾರ್ಜರ್ ಒದ್ದೆಯಾಗದ ಜಾಗದಲ್ಲಿರಲಿ. ಆಸ್ಪತ್ರೆಗೆ ಓಡಬೇಕಾಗಿ ಬರಬಹುದಾದ ಮನೆಯಲ್ಲಿ ಪೆಟ್ರೋಲ್ ಗಾಡಿ ಒಂದರಲ್ಲಿ ಅರ್ಧ ಟ್ಯಾಂಕಾದರೂ ಇರಲಿ.

ಬೈಕ್. ಹಳ್ಳಿ ರಸ್ತೆಯ ತಗ್ಗುಗಳಿಗೆ ಸ್ಕೂಟಿಗಿಂತ ಬೈಕೇ ಮೇಲು, ಆದರೆ ಒಬ್ಬರೇ ಹೋಗುವುದಾದರೆ. 2019ರ ಏಪ್ರಿಲ್‌ನಿಂದ 125 ಸಿಸಿ ಮೇಲಿನ ಬೈಕುಗಳಿಗೆ ಎಬಿಎಸ್ (ಜೋರಾಗಿ ಬ್ರೇಕ್ ಹಾಕಿದರೂ ಚಕ್ರ ಕಚ್ಚಿ ನಿಲ್ಲದ ಹಾಗೆ ನೋಡಿಕೊಳ್ಳುವ ವ್ಯವಸ್ಥೆ) ಕಡ್ಡಾಯ ಆಗಿದೆ. ಎಷ್ಟೋ ಬೈಕುಗಳಲ್ಲಿ ಅದು ಮುಂದಿನ ಚಕ್ರಕ್ಕೆ ಮಾತ್ರ, ಹಿಂದಿನ ಬ್ರೇಕ್ ಜೋರಾಗಿ ತುಳಿದರೆ ಹಿಂದಿನ ಚಕ್ರ ಜಾರುತ್ತೆ. ಮನೆಯಲ್ಲಿ ಎರಡು ಬೈಕ್ ಇದ್ದು ಒಂದರಲ್ಲಿ ಎಬಿಎಸ್ ಇದ್ದರೆ ಮಳೆಗೆ ಅದನ್ನೇ ಇಟ್ಟುಕೊಳ್ಳಿ. ಒಣಗಿದ ರಸ್ತೆಗೆ ಮಳೆ ಶುರುವಾದ ಮೊದಲ ಹತ್ತು ಹದಿನೈದು ನಿಮಿಷ ಬಹಳ ಕೆಟ್ಟದ್ದು, ರಸ್ತೆ ಮೇಲಿನ ಎಣ್ಣೆ, ಧೂಳು ಎದ್ದು ಜಿಡ್ಡಾಗಿರುತ್ತೆ. ಆ ಹೊತ್ತು ಎಲ್ಲಾದರೂ ಚಹಾ ಅಂಗಡಿಯಲ್ಲಿ ನಿಂತುಬಿಡಿ.

ಎರೆ ಹೊಲದ ದಾರಿಗೆ ಮಾತ್ರ ಬೈಕ್ ಒಯ್ಯಲೇಬೇಡಿ. ಮಳೆ ಬಿದ್ದ ಎರೆಮಣ್ಣಲ್ಲಿ ಐವತ್ತು ಹೆಜ್ಜೆ ಹೋಗುವಷ್ಟರಲ್ಲಿ ಏನಾಗುತ್ತೆ ಅಂದ್ರೆ, ಟೈರಿಗೆ ಮಣ್ಣು ಸುತ್ತಿಕೊಳ್ಳುತ್ತೆ, ಆ ಮಣ್ಣು ಇನ್ನಷ್ಟು ಮಣ್ಣನ್ನು ಎತ್ತಿಕೊಳ್ಳುತ್ತೆ, ಮುಂದಿನ ಮಡ್‌ಗಾರ್ಡ್‌ಗೂ ಟೈರಿಗೂ ನಡುವಿನ ಜಾಗ ತುಂಬಿ ಚಕ್ರ ತಿರುಗೋದೇ ನಿಲ್ಲುತ್ತೆ. ಹಿಂದೆ ಎಂಜಿನ್ ತಳ್ಳುತ್ತಿರುತ್ತೆ, ಮುಂದೆ ಚಕ್ರ ಕೊರಡಿನ ಹಾಗೆ ಜಾರುತ್ತಿರುತ್ತೆ. ಕಡ್ಡಿ ತಗೊಂಡು ಕೆದರಿದರೂ ಮತ್ತೆ ಹತ್ತು ಹೆಜ್ಜೆಗೆ ಅದೇ ಕಥೆ. ಡಾಂಬರು ಮುಗಿಯುವ ಜಾಗದಲ್ಲಿ ಬೈಕ್ ನಿಲ್ಲಿಸಿ ನಡೆದು ಹೋಗೋದೇ ಬೇಗ ಆಗುತ್ತೆ. ಬೆಳಗಾವಿ, ಖಾನಾಪುರ ಕಡೆಯ ಕೆಂಪು ಮಣ್ಣು ಜಾರುತ್ತೆ, ಆದರೆ ಹೀಗೆ ಹಿಡಿದು ನಿಲ್ಲಿಸೋದಿಲ್ಲ. ಹಾಗಾಗಿ ಆ ಕಡೆಯಿಂದ ವಿಜಯಪುರದ ನೆಂಟರ ಹೊಲಕ್ಕೆ ಹೋಗುವವರು ಇದನ್ನು ತಿಳಿದಿರಬೇಕು.

ಸಣ್ಣ ಕಾರು. ಡಾಂಬರು ರಸ್ತೆ, ದೂರದ ದಾರಿ, ಜೊತೆಗೆ ವಯಸ್ಸಾದವರು ಮಕ್ಕಳು ಅಂದ್ರೆ ಇದೇ ಗಾಡಿ, ಎರಡು ಮಾತಿಲ್ಲ. ಆಲ್ಟೊ, ವ್ಯಾಗನ್ ಆರ್, ಸ್ವಿಫ್ಟ್ ಇವುಗಳಲ್ಲಿ ಎಂಜಿನ್ ಮುಂದೆ, ಓಡುವ ಚಕ್ರವೂ ಮುಂದಿನದೇ. ಎಂಜಿನ್ನಿನ ಭಾರ ಓಡುವ ಚಕ್ರದ ಮೇಲೇ ಇರೋದರಿಂದ ಒದ್ದೆ ರಸ್ತೆ, ತೆಳ್ಳನೆ ಕೆಸರು ಇವನ್ನು ಚೆನ್ನಾಗಿ ಹಿಡಿಯುತ್ತವೆ. ತೊಂದರೆ ತಳದ್ದು. ಐದು ಜನ ಕೂತು ಡಿಕ್ಕಿಯಲ್ಲಿ ಜೋಳದ ಚೀಲ ಹಾಕಿದರೆ ಆ 16 ಸೆಂ.ಮೀ. ಇನ್ನೂ ಕಡಿಮೆ ಆಗುತ್ತೆ. ಟ್ರ್ಯಾಕ್ಟರ್ ಓಡಾಡಿ ನಡುವೆ ದಿಬ್ಬ ಬಿದ್ದ ದಾರಿಯಲ್ಲಿ ತಳ ಕೂತುಬಿಡುತ್ತೆ, ಅಲ್ಲಿಗೆ ಒಯ್ಯಬೇಡಿ. ಗಾಜಿಗೆ ಒಳಗಿಂದ ಮಂಜು ಕಟ್ಟಿದರೆ ಬಟ್ಟೆಯಲ್ಲಿ ಒರೆಸುತ್ತಾ ಓಡಿಸಬೇಡಿ. ಎಸಿ ಹಾಕಿ ಗಾಳಿಯನ್ನು ಗಾಜಿನ ಕಡೆ ತಿರುಗಿಸಿ, ನಿಮಿಷದಲ್ಲಿ ತಿಳಿಯಾಗುತ್ತೆ. ಎಸಿ ಇಲ್ಲದ ಹಳೆ ಕಾರಾದರೆ ಎರಡೂ ಕಡೆ ಕಿಟಕಿ ಒಂದು ಬೆರಳು ಇಳಿಸಿ.

ಬೊಲೆರೊ. ತಳ 18 ಸೆಂ.ಮೀ., ಕೂತ ಎತ್ತರದಿಂದ ದಾರಿ ಚೆನ್ನಾಗಿ ಕಾಣುತ್ತೆ, ತಗ್ಗು ದಿಣ್ಣೆಗೆ ಜಗ್ಗೋದಿಲ್ಲ. ಜಾಂಬೋಟಿ ಕಡೆಯ ಕಿತ್ತ ರಸ್ತೆಗೆ ನಾನಾದರೆ ಇದನ್ನೇ ಹೇಳ್ತೀನಿ. ಆದರೆ ನೋಡೋಕೆ ಜೀಪಿನಂತಿದ್ದರೂ ನಮ್ಮ ಮನೆಗಳಲ್ಲಿರುವ ಬೊಲೆರೊಗಳಲ್ಲಿ ಓಡೋದು ಹಿಂದಿನ ಎರಡು ಚಕ್ರ ಮಾತ್ರ. ಹಿಂದೆ ಖಾಲಿ ಇದ್ದರೆ ಆ ಚಕ್ರಗಳ ಮೇಲೆ ಭಾರ ಇಲ್ಲ, ಒದ್ದೆ ತಿರುವಿನಲ್ಲಿ ವೇಗ ಕೊಟ್ಟರೆ ಬಾಲ ಹೊರಗೆ ಹೋಗುತ್ತೆ, ಕೆಸರಿನಲ್ಲಿ ಚಕ್ರ ಸುಮ್ನೆ ಸುತ್ತುತ್ತೆ. ಹಿಂದೆ ಇಬ್ಬರು ಕೂತ ಬೊಲೆರೊ ಖಾಲಿ ಬೊಲೆರೊಗಿಂತ ಚೆನ್ನಾಗಿ ಹಿಡಿಯುತ್ತೆ. ಖಾಲಿ ಪಿಕಪ್ ಗಾಡಿಯದೂ ಇದೇ ಗುಣ. ಕಾರುಗಳಿಗೆ ಎಬಿಎಸ್ ಕಡ್ಡಾಯ ಆಗಿದ್ದೂ 2019ರಲ್ಲೇ, ಅದಕ್ಕಿಂತ ಹಳೆಯದರಲ್ಲಿ ಇದೆಯೋ ಇಲ್ಲವೋ ನೋಡಿಕೊಳ್ಳಿ. ಇಲ್ಲದಿದ್ದರೆ ಜೋರು ಮಳೆಯಲ್ಲಿ ಹೆದ್ದಾರಿಗೆ ಎಬಿಎಸ್ ಇರುವ ಸಣ್ಣ ಕಾರೇ ನನ್ನ ಆಯ್ಕೆ.

ಟ್ರ್ಯಾಕ್ಟರ್. ಎರೆ ಹೊಲದ ದಾರಿಗೆ, ಸಿಕ್ಕಿಕೊಂಡ ಗಾಡಿ ಎಳೆಯೋಕೆ ಇದು ಬೇಕು. ಜನರನ್ನು ಸಾಗಿಸೋಕೆ ಅಲ್ಲ. ಗುಡುಗು ಶುರುವಾದರೆ ಇಳಿದು ಪಕ್ಕಾ ಕಟ್ಟಡದೊಳಗೆ ಹೋಗಿ. ಗಾಜು ಏರಿಸಿದ, ಲೋಹದ ಮೈಯ ಕಾರು ಸಿಡಿಲಿನಿಂದ ಕಾಪಾಡುತ್ತೆ. ತೆರೆದ ಟ್ರ್ಯಾಕ್ಟರೂ ಬೈಕೂ ಕಾಪಾಡೋದಿಲ್ಲ. ವಿಜಯಪುರ, ಬಾಗಲಕೋಟೆಯ ಬಯಲಿನಲ್ಲಿ ಸುತ್ತ ಎತ್ತರದ್ದು ಏನೂ ಇಲ್ಲದಿರುವಾಗ ಬೈಕ್ ಮೇಲಿರುವ ನೀವೇ ಎತ್ತರ. ಮರದ ಕೆಳಗೆ ನಿಲ್ಲೋದಂತೂ ಬೇಡವೇ ಬೇಡ.

ಓಡಿಸೋದು ಯಾರು, ಕೂರೋದು ಯಾರು

ಗಾಡಿ ಸರಿಯಿದ್ದು ಕೈ ಹೊಸದಾದರೆ ಏನು ಪ್ರಯೋಜನ? ತಂಗಿ ದಿನಾ ಸ್ವಿಫ್ಟ್ ಓಡಿಸುತ್ತಾಳೆ ಅಂದ್ರೆ ಮಳೆಯ ದಿನ ದೊಡ್ಡ ಗಾಡಿ ಸೇಫ್ ಅಂದುಕೊಂಡು ಅವಳ ಕೈಗೆ ಬೊಲೆರೊ ಕೊಡಬೇಡಿ. ರಾತ್ರಿ ಕಣ್ಣು ಮಂಜಾಗುವ ಕಾಕಾ ಹಗಲಿನಲ್ಲೇ ಹೋಗಿ ಬರಲಿ, ಇಲ್ಲವೇ ಅಲ್ಲೇ ವಸ್ತಿ ಇರಲಿ. ವಾಪಸ್ ಬರುವ ಹೊತ್ತನ್ನೂ ಹೊರಡುವಾಗಲೇ ಲೆಕ್ಕಕ್ಕೆ ತಗೊಳ್ಳಿ. ಬೆಳಗ್ಗೆಯ ದಾರಿಗೆ ಸರಿಯಿದ್ದ ಬೈಕ್ ರಾತ್ರಿ ಎಂಟರ ದಾರಿಗೆ ಸರಿ ಇರಲಿಕ್ಕಿಲ್ಲ.

ಹಿಂದೆ ಕೂತವರು ಕೊಡೆ ಬಿಚ್ಚೋದು ನಮ್ಮ ಕಡೆ ತೀರಾ ಸಾಮಾನ್ಯ ಆಗಿಹೋಗಿದೆ. ಅವ್ವನೋ ವೈನಿಯೋ ಒಂದು ಕೈಯಲ್ಲಿ ಮಗು, ಒಂದು ಕೈಯಲ್ಲಿ ಕೊಡೆ ಹಿಡಿದು ಒಂದೇ ಕಡೆ ಕಾಲು ಹಾಕಿ ಕೂತಿರುತ್ತಾರೆ. ಎದುರಿನಿಂದ ಗಾಳಿ ಹೊಡೆದು ಕೊಡೆ ಹಿಂದಕ್ಕೆ ಎಳೆದರೆ ಹಿಡಿದುಕೊಳ್ಳೋಕೆ ಕೈಯೇ ಇಲ್ಲ, ರಸ್ತೆಗೆ ಬೀಳೋದು ತಲೆಯೇ. ಬೈಕಿನಲ್ಲಿ ಕೊಡೆ ಬೇಡ, ಯಾವತ್ತೂ ಬೇಡ. ಹಿಂದೆ ಕೂರುವವರಿಗೂ ಒಂದು ರೇನ್‌ಕೋಟ್, ಒಂದು ಹೆಲ್ಮೆಟ್ ತನ್ನಿ. ಮಗು ಇದ್ದರೆ ಕಾರು ತೆಗೆಯಿರಿ, ಕಾರು ಇಲ್ಲದಿದ್ದರೆ ಬಸ್ ಹತ್ತಿ. ಸರ್ಕಾರಿ ಬಸ್ಸೂ ಒಂದು ಗಾಡಿಯೇ ಅಲ್ವಾ? ದಿನಾ ಅದೇ ದಾರೀಲಿ ಓಡಿಸುವ ಡ್ರೈವರ್, ಎತ್ತರದ ಚಕ್ರ, ಭಾರದ ಮೈ. ಜೋರು ಮಳೆಯಲ್ಲಿ ಬೆಳಗಾವಿಯಿಂದ ಗೋಕಾಕಕ್ಕೋ ಬಾಗಲಕೋಟೆಗೋ ಒಬ್ಬರೇ ಹೋಗುವುದಾದರೆ ಬೈಕಿಗಿಂತ ಬಸ್ಸೇ ಒಳ್ಳೆಯದು ಅಂತ ಖಂಡಿತವಾಗಿ ಹೇಳ್ತೀನಿ.

ಗಾಳಿ, ಆಲಿಕಲ್ಲು, ಮಂಜು

ವಿಜಯಪುರ-ಬಾಗಲಕೋಟೆ ರಸ್ತೆಯ ಕೊಲ್ಹಾರ ಸೇತುವೆ ಉದ್ದ ಇದೆ, ಎರಡೂ ಕಡೆ ಬಯಲು ನೀರು. ಜೋರು ಗಾಳಿ ಇದ್ದಾಗ ಬೈಕನ್ನು ಅಡ್ಡ ತಳ್ಳುತ್ತೆ, ಓಮ್ನಿಯಂಥ ಎತ್ತರದ ಹಗುರ ಗಾಡಿಯನ್ನೂ ಬಿಡೋದಿಲ್ಲ. ಗಾಳಿಯ ದಿನ ಅಲ್ಲಿಗೆ ತಗ್ಗಿನ ಕಾರು ವಾಸಿ. ಏಪ್ರಿಲ್, ಮೇನಲ್ಲಿ ಅಡ್ಡ ಮಳೆ ಜೊತೆ ಆಲಿಕಲ್ಲು ಬಂದರೆ ಬೈಕಿನವರು ಸೂರಿನ ಕೆಳಗೆ ನಿಲ್ಲಲೇಬೇಕು. ಬೆಳಗಾವಿ ಕ್ಯಾಂಪ್ ಕಡೆ ಹಳೆಯ ದೊಡ್ಡ ಮರಗಳಿವೆ. ಗಾಳಿ ಮಳೆಯಲ್ಲಿ ಅವುಗಳ ಕೆಳಗೆ ಯಾವ ಗಾಡಿಯನ್ನೂ ನಿಲ್ಲಿಸಬೇಡಿ.

ಚಳಿಗಾಲದ ಮಂಜನ್ನು ನಾವು ಕೆಟ್ಟ ಹವಾ ಅಂತ ಲೆಕ್ಕಕ್ಕೇ ತಗೊಳ್ಳೋದಿಲ್ಲ. ಅದೇ ಹೊತ್ತಿಗೆ ಕಬ್ಬಿನ ಹಂಗಾಮು ನಡೆದಿರುತ್ತೆ. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಹಿಂದೆ ಲೈಟಿಲ್ಲದೆ, ರಿಫ್ಲೆಕ್ಟರ್ ಇಲ್ಲದೆ, ಕಬ್ಬು ಹೊರಗೆ ಚಾಚಿಕೊಂಡು ಹೋಗುತ್ತಿರುತ್ತವೆ. ಬೆಳಗಿನ ಜಾವದ ಮಂಜಿನಲ್ಲಿ ಅವು ಕಾಣುವ ಹೊತ್ತಿಗೆ ಬ್ರೇಕ್ ಹಾಕೋಕೆ ಜಾಗ ಇರೋದಿಲ್ಲ. ಈ ಹೊತ್ತಿನಲ್ಲಿ ಬೈಕ್ ಬೇಡ. ಲೈಟು ಚೆನ್ನಾಗಿರುವ ಕಾರು ತೆಗೆಯಿರಿ, ಡಿಪ್ ಲೈಟ್ ಹಾಕಿ. ಹೈ ಬೀಮ್ ಹಾಕಿದರೆ ಮಂಜು ಬೆಳ್ಳಗೆ ಹೊಳೆದು ಇನ್ನೂ ಕಾಣೋದಿಲ್ಲ. ಓಡುವಾಗ ನಾಲ್ಕೂ ಇಂಡಿಕೇಟರ್ ಹಾಕಬೇಡಿ, ನೀವು ಎತ್ತ ತಿರುಗುತ್ತೀರಿ ಅಂತ ಹಿಂದಿನವರಿಗೆ ತಿಳಿಯೋದಿಲ್ಲ. ಎಂಟು ಗಂಟೆ ದಾಟಿದ ಮೇಲೆ ಹೊರಡೋಕೆ ಆಗುತ್ತೆ ಅಂದ್ರೆ ಹಾಗೇ ಮಾಡಿ. ಹೊಲದಿಂದ ಬಂದ ಟ್ರ್ಯಾಕ್ಟರ್ ಚಕ್ರದ ಮಣ್ಣು ರಸ್ತೆ ಮೇಲೆ ಬಿದ್ದಿರುತ್ತೆ, ಅದಕ್ಕೆ ಇಬ್ಬನಿಯೋ ಅಕಾಲದ ಮಳೆಯೋ ಸೇರಿದರೆ ದ್ವಿಚಕ್ರದವರು ಬೀಳೋದು ಖಂಡಿತ. ಸಕ್ಕರೆ ಕಾರ್ಖಾನೆ ಹತ್ತಿರದ ರಸ್ತೆಗಳಲ್ಲಿ ಇದನ್ನು ಜಾಸ್ತಿ ನೋಡಬಹುದು.

ಮನೆಗೆ ಬಂದ ಮೇಲೆ

ನೀರು ದಾಟಿ ಬಂದ ಗಾಡಿಯ ಬ್ರೇಕನ್ನು ದಾರಿಯಲ್ಲೇ ಮೆಲ್ಲಗೆ ಒತ್ತುತ್ತಾ ಸ್ವಲ್ಪ ದೂರ ಓಡಿಸಿ, ಡ್ರಮ್ಮಿನ ನೀರು ಒಣಗುತ್ತೆ. ಮನೆಗೆ ಬಂದು ಹ್ಯಾಂಡ್ ಬ್ರೇಕ್ ಎಳೆದು ದಿನಗಟ್ಟಲೆ ಬಿಟ್ಟರೆ ಹಿಂದಿನ ಬ್ರೇಕ್ ಹಿಡಿದುಕೊಳ್ಳಬಹುದು. ಸಮ ಜಾಗದಲ್ಲಿ ಗೇರ್‌ನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಎರೆಮಣ್ಣು ಒಣಗುವ ಮುಂಚೆ ಮಡ್‌ಗಾರ್ಡ್ ಒಳಗೆ ನೀರು ಹೊಡೆಯಿರಿ, ಒಣಗಿದರೆ ಕಲ್ಲಾಗುತ್ತೆ. ಬೈಕಿನ ಚೈನಿಗೆ ಎಣ್ಣೆ ಬಿಡಿ. ಎಂಜಿನ್ ಆಯಿಲ್ ಕಡ್ಡಿ ಎಳೆದು ನೋಡಿ, ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಅಂತ ಅರ್ಥ. ಆ ಗಾಡಿಯನ್ನು ಮತ್ತೆ ಸ್ಟಾರ್ಟ್ ಮಾಡದೆ ಗ್ಯಾರೇಜಿನವರನ್ನು ಮನೆಗೇ ಕರೆಸಿ, ಮರುದಿನಕ್ಕೆ ಬೇರೆ ಗಾಡಿಯ ಟೈರ್ ನೋಡಿಡಿ.